ಕುದುರೆ ಲಾಳದೊಳಗೆ ಆಶ್ಚರ್ಯಸೂಚಕ

ಪ್ರಶ್ನೆ: ನಮ್ಮ ಕಾರಿನ ಕೈಪಿಡಿಯಲ್ಲಿ ಕುದುರೆ ಲಾಳದಂಥ ಚಿತ್ರ, ಅದರೊಳಗೆ ಆಶ್ಚರ್ಯಸೂಚಕ ಚಿಹ್ನೆ ಇದೆ. ಅರ್ಥ ಎಲ್ಲೂ ಬರೆದಿಲ್ಲ. ಈಗ ಡಿಸೆಂಬರ್ ಬೆಳಗಿನಲ್ಲಿ ಅದೇ ಹಳದಿ ದೀಪ ಹತ್ತಿ, ಮಧ್ಯಾಹ್ನ ಆರುತ್ತದೆ. ಏನಿದು?
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಅದು ಲಾಳವಲ್ಲ, ಅಡ್ಡ ಕೊಯ್ದ ಟೈರು. ಕೆಳಗಿನ ಹಲ್ಲುಗಳು ರಸ್ತೆಗೆ ತಾಗುವ ಟೈರಿನ ಉಬ್ಬುಗೆರೆಗಳು. ಗಾಳಿ ಕಡಿಮೆಯಾಗಿದೆ ಎಂದರ್ಥ. ಇಷ್ಟು ಮುಖ್ಯವಾದ ಚಿಹ್ನೆಗೆ ಒಂದು ಸಾಲಿನ ವಿವರಣೆ ಕೊಡಲೇಬೇಕಿತ್ತು.

ಉಷ್ಣತೆ 5–6 ಡಿಗ್ರಿ ಸೆಲ್ಸಿಯಸ್ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಕುಗ್ಗುತ್ತದೆ. ಹಾಗಾಗಿ ಚಳಿಯಲ್ಲಿ ದೀಪ ಹತ್ತಿ, ಬಿಸಿಲೇರಿ ಟೈರು ಕಾದಾಗ ಆರುತ್ತದೆ. ಆರಿತೆಂದು ಸುಮ್ಮನಿರಬೇಡಿ; ಗಾಳಿ ಅಂಚಿನಲ್ಲಿದೆ. ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿರುವ ಅಂಕಿಯಷ್ಟೇ ತುಂಬಿಸಿ. ಟೈರಿನ ಮೇಲೆ ಅಚ್ಚಾದದ್ದು ಗರಿಷ್ಠ ಮಿತಿ, ಅದನ್ನು ನೋಡಬೇಡಿ. ಗಾಳಿ ತುಂಬಿಸುವ ಮೊದಲು ಕಾರು ಮೂರು ಗಂಟೆಯಾದರೂ ನಿಂತಿರಬೇಕು. ಬಂಕ್ ಮನೆಯ ಹತ್ತಿರದ್ದೇ ಆಗಲಿ. ವರ್ತುಲ ರಸ್ತೆ ಸುತ್ತಿ ಬಂದ ಬಿಸಿ ಟೈರಿನಲ್ಲಿ ಅಳತೆ ಹೆಚ್ಚು ತೋರಿಸುತ್ತದೆ.

ಕೆಲವು ಕಾರುಗಳಲ್ಲಿ ಗಾಳಿ ತುಂಬಿಸಿದ ಮೇಲೆ ಈ ದೀಪದ ವ್ಯವಸ್ಥೆಯನ್ನು ರೀಸೆಟ್ ಕೂಡ ಮಾಡಬೇಕು. ಒಂದೇ ಚಕ್ರ ಮತ್ತೆ ಮತ್ತೆ ಇಳಿದರೆ ಮೊಳೆ, ವಾಲ್ವ್ ಅಥವಾ ಗುಂಡಿಗೆ ಬಿದ್ದು ಬಾಗಿದ ರಿಮ್ ಕಾರಣ. ಪಂಕ್ಚರ್ ಅಂಗಡಿಯಲ್ಲಿ ಸೋಪಿನ ನೀರು ಹಾಕಿ ನೋಡಿಸಿ.

ಕಾರು ಶುರು ಮಾಡಿದಾಗ ದೀಪ ಒಂದು ನಿಮಿಷದಷ್ಟು ಮಿಣುಕಿ ಆಮೇಲೆ ಸ್ಥಿರವಾದರೆ ಗಾಳಿಯದಲ್ಲ, ಗಾಳಿ ಅಳೆಯುವ ಸೆನ್ಸರ್ ವ್ಯವಸ್ಥೆಯ ದೋಷ. ವೃತ್ತದೊಳಗೆ ಆಶ್ಚರ್ಯಸೂಚಕವಿರುವ ಕೆಂಪು ದೀಪವೇ ಬೇರೆ, ಅದು ಬ್ರೇಕಿನದು. ಹ್ಯಾಂಡ್‌ಬ್ರೇಕ್ ಇಳಿಸಿದರೂ ಆರದಿದ್ದರೆ ಕಾರು ಓಡಿಸಬೇಡಿ.