ಕಾನೂನು ವಿವರವಾದಷ್ಟೂ ವ್ಯಾಜ್ಯ ಕಡಿಮೆಯಾಗಬೇಕಲ್ಲವೇ?

ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದಿಟ್ಟರೆ ತಕರಾರಿಗೆ ಎಡೆಯೆಲ್ಲಿ ಎಂಬ ನಿಮ್ಮ ಪ್ರಶ್ನೆ ಮೇಲುನೋಟಕ್ಕೆ ಸರಿಯಾಗಿಯೇ ಇದೆ. ಆದರೆ ವರ್ತಕರ ಜಿಎಸ್‌ಟಿ ಲೆಕ್ಕಪತ್ರ ನೋಡಿಕೊಳ್ಳುವ ನಾನು ಕಂಡಿರುವುದು ಇದಕ್ಕೆ ವಿರುದ್ಧ. ಹೆಚ್ಚುಕಡಿಮೆ ಒಂದೇ ಬಗೆಯ ಎರಡು ವಸ್ತುಗಳ ನಡುವೆ ಕಾನೂನು ಗೆರೆ ಎಳೆದು, ಅದರ ಆಚೀಚೆ ಬೇರೆ ಬೇರೆ ದರ ಇಟ್ಟಲ್ಲೆಲ್ಲ ವ್ಯಾಜ್ಯ ಹುಟ್ಟುತ್ತದೆ.

ಪರೋಟದ ಪ್ರಕರಣವನ್ನೇ ನೋಡಿ. ಚಪಾತಿ ಮತ್ತು ರೊಟ್ಟಿಗೆ ಶೇ 5ರಷ್ಟು ತೆರಿಗೆ ಎಂದು ಪಟ್ಟಿಯಲ್ಲಿತ್ತು. ಪ್ಯಾಕೆಟ್ಟಿನಲ್ಲಿ ಮಾರುವ ಪರೋಟವೂ ಅದರೊಳಗೆ ಬರುತ್ತದೆಯೇ ಎಂದು ಬೆಂಗಳೂರಿನ ಕಂಪನಿಯೊಂದು ಕೇಳಿದಾಗ, ಅದನ್ನು ತಿನ್ನುವ ಮೊದಲು ಬಿಸಿ ಮಾಡಬೇಕಾದ್ದರಿಂದ ಅದು ರೊಟ್ಟಿಯಲ್ಲ, ಶೇ 18 ಕಟ್ಟಬೇಕು ಎಂದು ಕರ್ನಾಟಕದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ (ಯಾವುದಕ್ಕೆ ಎಷ್ಟು ತೆರಿಗೆ ಎಂದು ವರ್ತಕರು ಕೇಳಿದರೆ ಮುಂಚಿತವಾಗಿ ತೀರ್ಮಾನ ಕೊಡುವ ಸಂಸ್ಥೆ) 2020ರಲ್ಲಿ ಹೇಳಿತು. ಇಂತಹ ತೀರ್ಪು ಅರ್ಜಿದಾರನಿಗೂ ಅವನ ವ್ಯಾಪ್ತಿಯ ಅಧಿಕಾರಿಗೂ ಮಾತ್ರ ಬದ್ಧವಾದ್ದರಿಂದ ಉಳಿದವರ ಪಾಲಿಗೆ ಪ್ರಶ್ನೆ ಹಾಗೆಯೇ ಉಳಿಯಿತು. 2024ರಲ್ಲಿ ಕೇರಳ ಹೈಕೋರ್ಟ್ ಮತ್ತೊಬ್ಬ ತಯಾರಕರ ಮೊಕದ್ದಮೆಯಲ್ಲಿ ಶೇ 5 ಸಾಕು ಎಂದಿತು. 13 ಪರ್ಸೆಂಟಿನ ಅಂತರವಿರುವಾಗ ರೊಟ್ಟಿಯ ಲಕ್ಷಣವೇನೆಂದು ವಾದಿಸಲು ವಕೀಲರಿಗೆ ಹಣ ಕೊಡುವುದು ವ್ಯಾಪಾರದ ಲೆಕ್ಕದಲ್ಲಿ ನಷ್ಟವೇನಲ್ಲ.

ಚಿಕ್ಕ ಬಾಟಲಿಗಳಲ್ಲಿ ಮಾರುವ ಕೊಬ್ಬರಿ ಎಣ್ಣೆ ಅಡುಗೆಗೋ ತಲೆಗೋ ಎಂಬ ವಿವಾದ ಇನ್ನೂ ಹಳೆಯದು; ಅಡುಗೆ ಎಣ್ಣೆಗೂ ತಲೆಗೂದಲ ಎಣ್ಣೆಗೂ ತೆರಿಗೆ ದರ ಬೇರೆ ಬೇರೆ. ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು 2018ರಲ್ಲಿ ಭಿನ್ನ ತೀರ್ಪು ಕೊಟ್ಟರು. 2024ರ ಡಿಸೆಂಬರಿನಲ್ಲಿ ಮೂವರ ಪೀಠ ಅದು ಖಾದ್ಯ ತೈಲವೇ ಎಂದು ತೀರ್ಮಾನಿಸುವ ಹೊತ್ತಿಗೆ, ವಿವಾದಕ್ಕೆ ಮೂಲವಾಗಿದ್ದ, ಸರಕಿನ ತಯಾರಿಕೆಯ ಮೇಲಿನ ಎಕ್ಸೈಸ್ ತೆರಿಗೆ ಜಿಎಸ್‌ಟಿಯೊಳಗೆ ಸೇರಿಹೋಗಿ ಏಳು ವರ್ಷಗಳಾಗಿದ್ದವು.

ವರ್ತಕರಷ್ಟೇ ವ್ಯಾಜ್ಯಪ್ರಿಯರು ಎಂದು ಭಾವಿಸಬೇಡಿ. ಕಡಿಮೆ ದರ ಒಪ್ಪಿಕೊಂಡ ಅಧಿಕಾರಿ ಮುಂದೆ ಆಡಿಟ್ ಆಕ್ಷೇಪಣೆಗೆ ಉತ್ತರ ಕೊಡಬೇಕಾಗುತ್ತದೆ. ಹೆಚ್ಚಿನ ದರಕ್ಕೆ ನೋಟಿಸ್ ಕೊಟ್ಟವರನ್ನು ಯಾರೂ ಕೇಳುವುದಿಲ್ಲ. ಅತ್ತ ವರ್ತಕನು ವಿವಾದಿತ ತೆರಿಗೆಯ ಶೇ 10ನ್ನು ಕಟ್ಟಿ ಮೊದಲ ಮೇಲ್ಮನವಿ ಹಾಕಿದರೆ ಉಳಿದ ವಸೂಲಿ ಸದ್ಯಕ್ಕೆ ನಿಲ್ಲುತ್ತದೆ. ಅದರ ಮುಂದಿನ ಹಂತದ ನ್ಯಾಯಮಂಡಳಿ 2025ರವರೆಗೆ ಕಾರ್ಯಾರಂಭವನ್ನೇ ಮಾಡದಿದ್ದ ಕಾರಣ ಸಣ್ಣಪುಟ್ಟ ದರದ ತಕರಾರುಗಳೂ ಹೈಕೋರ್ಟಿಗೆ ಹೋದವು.

ಕೋರ್ಟಿನ ಗೊಡವೆ ಬೇಡವೆಂದವರು ಬೇರೆ ದಾರಿ ಹಿಡಿದದ್ದೂ ಉಂಟು. 2022ರಲ್ಲಿ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ತೆರಿಗೆ ಬಂದಾಗ ಪೇಟೆಯಲ್ಲಿ 26 ಕೆ.ಜಿ. ಚೀಲಗಳು ಕಾಣಿಸಿಕೊಂಡವು.

2025ರ ಸೆಪ್ಟೆಂಬರಿನಲ್ಲಿ ಶೇ 12 ಮತ್ತು 28ರ ಹಂತಗಳನ್ನು ಬಹುಮಟ್ಟಿಗೆ ತೆಗೆದು, ರೊಟ್ಟಿ ಪರೋಟ ಎರಡಕ್ಕೂ ತೆರಿಗೆಯೇ ಇಲ್ಲವೆಂದು ಮಾಡಿದ್ದು ನನ್ನ ದೃಷ್ಟಿಯಲ್ಲಿ ಯಾವ ಸುತ್ತೋಲೆಗಿಂತಲೂ ಮೇಲು, ಏಕೆಂದರೆ ವಾದಿಸಿ ಗಳಿಸುವಂಥದ್ದೇ ಅಲ್ಲಿ ಉಳಿದಿಲ್ಲ. ಆದರೆ ಅದಕ್ಕೆ ಹಿಂದಿನ ವರ್ಷಗಳ ನೋಟಿಸುಗಳಿಗೆ ಆಗಿನ ದರವೇ ಅನ್ವಯಿಸುವುದರಿಂದ ಆ ಮೊಕದ್ದಮೆಗಳು ತಮ್ಮ ಪಾಡಿಗೆ ಮುಂದುವರಿಯುತ್ತವೆ.