ಜಾಕ್‌ಪಾಟ್ ಕೊನೆಯ ಲೆಗ್‌ನಲ್ಲಿ ಕೂದಲೆಳೆಯಲ್ಲಿ ತಪ್ಪಿತು. ಈ ಕೊರಗಿನಿಂದ ಹೊರಬರುವುದು ಹೇಗೆ?

ನೀವು ಬರೆದದ್ದರ ಸಾರ ಇಷ್ಟು: ಐದು ಕುದುರೆ ರೇಸ್‌ಗಳಲ್ಲಿ ಗೆಲ್ಲುವ ಕುದುರೆಗಳನ್ನೆಲ್ಲ ಸರಿಯಾಗಿ ಊಹಿಸಬೇಕಾದ ಜಾಕ್‌ಪಾಟ್‌ನಲ್ಲಿ ನಾಲ್ಕು ಲೆಗ್ (ಒಂದೊಂದು ರೇಸ್ ಒಂದೊಂದು ಲೆಗ್) ಬಂದವು. ಕೊನೆಯದರಲ್ಲಿ ನಿಮ್ಮ ಕುದುರೆ ಶಾರ್ಟ್ ಹೆಡ್‌ನಲ್ಲಿ, ಅಂದರೆ ಒಂದು ತಲೆಯಳತೆಗಿಂತಲೂ ಕಡಿಮೆ ಅಂತರದಲ್ಲಿ ಸೋತಿತು. ಗೆದ್ದ ಕುದುರೆಯೂ ಬೆಳಿಗ್ಗೆ ನಿಮ್ಮ ಚೀಟಿಯಲ್ಲಿತ್ತು, ಟಿಕೆಟ್ ತೆಗೆಯುವಾಗ ಹೊಡೆದುಹಾಕಿದಿರಿ. ಮೂರು ವಾರವಾದರೂ ಕಣ್ಣು ಮುಚ್ಚಿದರೆ ಅದೇ ಫಿನಿಶ್.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಈ ನೋವು ನಿಜವಾದದ್ದು, ಅದನ್ನು ಹಗುರವಾಗಿ ನೋಡುವವನಲ್ಲ ನಾನು. ಆದರೆ ಅದು ಒಂದು ತಪ್ಪು ಲೆಕ್ಕದ ಮೇಲೆ ನಿಂತಿದೆ. ಮೊದಲು ಆ ಲೆಕ್ಕ ಬಿಡಿಸೋಣ.

ಉದಾಹರಣೆಗೆ, ನಿಮ್ಮ ಟಿಕೆಟ್‌ನಲ್ಲಿ ಲೆಗ್‌ವಾರು 2, 2, 1, 3, 1 ಕುದುರೆಗಳಿದ್ದವು ಅನ್ನಿ. ಗುಣಿಸಿದರೆ 12 ಜೋಡಣೆ, ಪ್ರತಿ ಜೋಡಣೆಗೂ ಬೇರೆ ಹಣ. ಕೊನೆಯ ಲೆಗ್‌ಗೆ ಆ ಒಂದು ಕುದುರೆ ಸೇರಿಸಿದ್ದರೆ 24, ಅಂದರೆ ಟಿಕೆಟ್‌ನ ಹಣ ನೇರ ದುಪ್ಪಟ್ಟು. ಹೊಡೆದುಹಾಕಿದ್ದಕ್ಕೆ ಅದೇ ಕಾರಣವಾಗಿರಬಹುದು. ಈಗ ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಬೆಳಿಗ್ಗೆ ಅನುಮಾನವಿದ್ದದ್ದು ಆ ಒಂದೇ ಕುದುರೆಯ ಮೇಲಾ? ಪ್ರತಿ ಲೆಗ್‌ನಲ್ಲೂ ಹೀಗೆ ಬಿಟ್ಟದ್ದು ಒಂದಾದರೂ ಇರುತ್ತದೆ. ಅನುಮಾನವಿದ್ದದ್ದನ್ನೆಲ್ಲ ಸೇರಿಸುವ ಮನುಷ್ಯ ನೀವಾಗಿದ್ದರೆ ಟಿಕೆಟ್ 3, 3, 2, 4, 2 ಆಗುತ್ತಿತ್ತು. ಅದು 144 ಜೋಡಣೆ, ಹನ್ನೆರಡು ಪಟ್ಟು ಹಣ. ಅಷ್ಟು ಹಣ ನೀವು ಕಟ್ಟುತ್ತಲೇ ಇರಲಿಲ್ಲ. ಫಲಿತಾಂಶ ಗೊತ್ತಾದ ಮೇಲೆ ಮನಸ್ಸು ಆ ಒಂದನ್ನು ಮಾತ್ರ ಎತ್ತಿಕೊಂಡು ‘ಇದನ್ನು ಬಿಟ್ಟೆಯಲ್ಲ’ ಅನ್ನುತ್ತದೆ. ಬಿಟ್ಟು ಒಳ್ಳೆಯದೇ ಆದ ಉಳಿದ ನಾಲ್ಕರ ಸುದ್ದಿ ಎತ್ತುವುದಿಲ್ಲ.

‘ನಾಲ್ಕು ಬಂದಿತ್ತಲ್ಲ’ ಅನ್ನುವುದಕ್ಕೂ ಇದೇ ಮಾತು. ಪ್ರತಿ ರೇಸ್‌ಗೆ ಹತ್ತು ಕುದುರೆ ಓಡಿದರೆ ಒಟ್ಟು ಜೋಡಣೆ 1,00,000. ಅದರಲ್ಲಿ ಗೆಲ್ಲುವುದು ಒಂದು. ಸರಿಯಾಗಿ ಒಂದೇ ಲೆಗ್ ತಪ್ಪುವವು 45: ಐದು ಲೆಗ್‌ಗಳಲ್ಲಿ ಯಾವುದಾದರೂ ಒಂದು, ಅದರಲ್ಲಿ ಒಂಬತ್ತು ತಪ್ಪು ಕುದುರೆ. ಒಂದರಲ್ಲಿ ತಪ್ಪಿಸಿಕೊಳ್ಳುವುದು ಈ ಆಟದ ಕಟ್ಟಡದಲ್ಲೇ ಇದೆ, ನಿಮ್ಮ ಹಣೆಬರಹದಲ್ಲಲ್ಲ. ಇನ್ನು ಬೋರ್ಡಿನ ಮೇಲೆ ಕಂಡ ಡಿವಿಡೆಂಡ್ (ಗೆದ್ದ ಟಿಕೆಟ್‌ಗೆ ಕೊಡುವ ಹಣ) ಕೂಡ ನಿಮಗೆ ಸಿಗಬೇಕಿದ್ದ ಮೊತ್ತವಲ್ಲ. ಟೋಟ್‌ನಲ್ಲಿ (ಎಲ್ಲರ ಬಾಜಿ ಹಣವನ್ನು ಒಟ್ಟುಗೂಡಿಸಿ ಹಂಚುವ ವ್ಯವಸ್ಥೆ) ಪೂಲ್ ಹಣ, ಅಂದರೆ ಹಾಗೆ ಒಟ್ಟಾದ ಹಣ, ಗೆದ್ದ ಟಿಕೆಟ್‌ಗಳ ನಡುವೆ ಹಂಚಿಹೋಗುತ್ತದೆ. ನಾಲ್ಕು ಟಿಕೆಟ್ ಗೆದ್ದಿದ್ದರೆ ನಿಮ್ಮದು ಐದನೆಯದಾಗಿ ಪಾಲು ಸುಮಾರು ಐದನೇ ಒಂದರಷ್ಟು ಇಳಿಯುತ್ತಿತ್ತು.

ಶಾರ್ಟ್ ಹೆಡ್ ವಿಷಯ. ಗಂಟೆಗೆ 60 ಕಿ.ಮೀ. ವೇಗದ ಕುದುರೆ ಹತ್ತು ಸೆಂಟಿಮೀಟರ್ ದಾಟಲು ತೆಗೆದುಕೊಳ್ಳುವುದು ಸೆಕೆಂಡಿನ ಸಾವಿರ ಭಾಗದಲ್ಲಿ ಆರು. ಓಡುವ ಕುದುರೆಯ ತಲೆ ಪ್ರತಿ ಹೆಜ್ಜೆಗೂ ಮುಂದೆ ಚಾಚಿ ಹಿಂದೆ ಬರುತ್ತದೆ. ಎರಡು ಕುದುರೆ ಸಮಸಮ ಬಂದಾಗ ಗೆರೆಯ ಮೇಲೆ ಯಾರ ತಲೆ ಚಾಚಿತ್ತು, ಯಾರದು ಹಿಂದಿತ್ತು ಎಂಬುದೇ ತೀರ್ಪು; ಒಂದು ಹೆಜ್ಜೆ ಮುಂಚೆಯೋ ಆಮೇಲೋ ನೋಡಿದರೆ ಇನ್ನೊಂದೇ ಮುಂದಿರಬಹುದು. ಫೋಟೋ ಫಿನಿಶ್ ಕ್ಯಾಮೆರಾ ನೋಡುವುದೂ ಗೆರೆಯ ಮೇಲಿನ ಕಿರಿದಾದ ಒಂದು ಸೀಳನ್ನು ಮಾತ್ರ. ಕ್ಷಣಕ್ಷಣದ ಸೀಳುಗಳನ್ನು ಪಕ್ಕಪಕ್ಕ ಜೋಡಿಸಿ ಆ ಚಿತ್ರ ಮಾಡುತ್ತದೆ. ಆ ತಲೆ ಎಲ್ಲಿರುತ್ತದೆ ಎಂದು ಟಿಕೆಟ್ ತೆಗೆಯುವಾಗ ತಿಳಿಯುವ ದಾರಿ ಜಾಕಿಗೂ ಇಲ್ಲ, ಟ್ರೇನರ್‌ಗೂ ಇಲ್ಲ. ಐದು ಲೆಂಗ್ತ್‌ನಲ್ಲಿ, ಅಂದರೆ ಐದು ಕುದುರೆಯುದ್ದ ಹಿಂದುಳಿದು ಸೋತಿದ್ದರೂ ಹೋಗುತ್ತಿದ್ದುದು ಅಷ್ಟೇ ಹಣ.

ಆದರೂ ಐದು ಲೆಂಗ್ತ್‌ನ ಸೋಲು ಹೀಗೆ ಕೊರೆಯುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಆಮೊಸ್ ಟ್ವೆರ್‌ಸ್ಕಿ 1982ರಲ್ಲಿ ಕೇಳಿದ ಪ್ರಶ್ನೆ ಇದನ್ನೇ ತೋರಿಸಿತು: ವಿಮಾನ ಅರ್ಧ ಗಂಟೆಯಲ್ಲಿ ತಪ್ಪಿದವನಿಗಿಂತ ಐದು ನಿಮಿಷದಲ್ಲಿ ತಪ್ಪಿದವನಿಗೆ ಹೆಚ್ಚು ಸಂಕಟ ಎಂದು ಬಹುತೇಕ ಎಲ್ಲರೂ ಹೇಳಿದರು. ‘ಹೀಗಾಗಿದ್ದರೆ’ ಎಂದು ಸುಲಭವಾಗಿ ಕಲ್ಪಿಸಿಕೊಳ್ಳಲು ಬಂದಷ್ಟೂ ನೋವು ಜಾಸ್ತಿ. ಇದರಲ್ಲಿ ಅಪಾಯದ ಭಾಗ ಇನ್ನೊಂದಿದೆ. ಸಂಶೋಧಕ ಲ್ಯೂಕ್ ಕ್ಲಾರ್ಕ್ ಮತ್ತು ಜೊತೆಗಾರರು 2009ರಲ್ಲಿ ಸ್ಲಾಟ್ ಮಷೀನ್ ಮಾದರಿಯ ಆಟದಲ್ಲಿ ನೋಡಿದ್ದು: ಸ್ವಲ್ಪದರಲ್ಲಿ ತಪ್ಪಿದ ಸೋಲು ಸಾಮಾನ್ಯ ಸೋಲಿಗಿಂತ ಬೇಸರ ತಂದರೂ, ಯಾವ ಚಿತ್ರ ಬರಬೇಕೆಂದು ಆಟಗಾರರು ತಾವೇ ಆರಿಸಿದ್ದಾಗ ಅವರಲ್ಲಿ ಮತ್ತೆ ಆಡುವ ಆಸೆಯನ್ನು ಹೆಚ್ಚಿಸಿತು. ನಿಮ್ಮ ಕೊರಗಿನ ಜೊತೆಗೇ ‘ಈ ಸಲ ಬರುತ್ತೆ’ ಎಂಬ ಸೆಳೆತವೂ ಇದೆಯಾ ನೋಡಿಕೊಳ್ಳಿ. ಅದು ನಿಮ್ಮ ಅನುಭವದ ಮಾತಲ್ಲ, ಆ ಸೋಲು ಬಿಟ್ಟುಹೋದ ಉರಿ.

ಈಗ ಮಾಡಬೇಕಾದದ್ದು. ಇವತ್ತೇ ರೇಸ್‌ನ ವಿಡಿಯೊ ಫೋನಿನಿಂದ ಅಳಿಸಿ, ಟಿಪ್ಸ್ ಗ್ರೂಪ್‌ಗಳಿಂದ ಹೊರಬನ್ನಿ, ಬೆಟ್ಟಿಂಗ್ ಖಾತೆಯಲ್ಲಿ ಉಳಿದ ಹಣವಿದ್ದರೆ ಬ್ಯಾಂಕಿಗೆ ಹಾಕಿಕೊಳ್ಳಿ. ವಿಡಿಯೊ ನೋಡಿದಷ್ಟೂ ಮನಸ್ಸು ಬೇರೆ ಫಲಿತಾಂಶವನ್ನು ಕಟ್ಟುವುದು ಕಲಿಯುತ್ತದೆ, ಅದಕ್ಕೆ ಇದು ಮೊದಲು.

ಆಮೇಲೆ ಒಂದು ಹಾಳೆ ತೆಗೆದುಕೊಂಡು, ಟಿಕೆಟ್ ತೆಗೆದ ಕ್ಷಣದಲ್ಲಿ ನಿಮಗೆ ಗೊತ್ತಿದ್ದದ್ದನ್ನು ಮಾತ್ರ ಬರೆಯಿರಿ: ಎರಡೂ ಕುದುರೆಗಳು ಹೊರಬೇಕಿದ್ದ ತೂಕ, ಡ್ರಾ (ಓಟ ಶುರುಮಾಡುವ ಗೇಟ್‌ನ ಸಂಖ್ಯೆ), ಹಿಂದಿನ ಓಟ, ದೂರ, ಟ್ರ್ಯಾಕ್ ಸ್ಥಿತಿ, ಆಡ್ಸ್ (ಬಾಜಿ ದರ), ಕೈಯಲ್ಲಿದ್ದ ಹಣ. ಫಲಿತಾಂಶ ಬರೆಯಬೇಡಿ. ಇಷ್ಟೇ ಗೊತ್ತಿದ್ದಾಗ ಮತ್ತೆ ಅದನ್ನೇ ಬಿಡುತ್ತಿದ್ದಿರಾ? ಹೌದಾದರೆ ನಿರ್ಧಾರದಲ್ಲಿ ತಪ್ಪಿಲ್ಲ, ಹಾಳೆ ಮಡಚಿಡಿ. ಕೊನೆ ಕ್ಷಣದಲ್ಲಿ ಪಕ್ಕದವರ ಮಾತು ಕೇಳಿ ಬಿಟ್ಟಿದ್ದರೆ ಅದು ತಪ್ಪೇ. ‘ಕೌಂಟರ್ ಹತ್ತಿರ ಟಿಕೆಟ್ ಬದಲಿಸುವುದಿಲ್ಲ’ ಎಂದು ಒಂದು ಸಾಲು ಬರೆದುಕೊಳ್ಳಿ. ಒಂದೇ ಸಾಲು ಸಾಕು. ಜನ ಎಡವುವುದು ಇಲ್ಲೇ: ಫಲಿತಾಂಶ ನೋಡಿಕೊಂಡು ಹತ್ತು ಹೊಸ ನಿಯಮ ಮಾಡುತ್ತಾರೆ, ಮುಂದಿನ ವಾರ ಹತ್ತೂ ಮುರಿಯುತ್ತವೆ. ಕೊನೆಗೆ ಟಿಕೆಟ್ ಬೆಲೆಯನ್ನು ದೊಡ್ಡದಾಗಿ ಬರೆಯಿರಿ. ಕಳೆದದ್ದು ಅದು ಮಾತ್ರ.

ರಾತ್ರಿ ಕಾಡುವುದಕ್ಕೆ ‘ಯೋಚಿಸಬಾರದು’ ಎಂದು ಹಟ ಹಿಡಿದರೆ ಇನ್ನೂ ಕಾಡುತ್ತದೆ. ಸಂಜೆ ಒಂದು ಹೊತ್ತು ಗೊತ್ತು ಮಾಡಿ, 15 ನಿಮಿಷ ಕೂತು ಮನಸ್ಸಿಗೆ ಬಂದದ್ದನ್ನೆಲ್ಲ ಬರೆಯಿರಿ. ಬೇರೆ ಹೊತ್ತಿನಲ್ಲಿ ನೆನಪಾದರೆ ‘ಸಂಜೆಗೆ’ ಎಂದು ಮುಂದೂಡಿ, ಎದ್ದು ಬೇರೆ ಕೆಲಸಕ್ಕೆ ಕೈ ಹಾಕಿ. ಮಲಗುವ ಮುಂಚೆ ಮಾತ್ರ ಈ ಬರವಣಿಗೆ ಬೇಡ, ನಿದ್ದೆ ಇನ್ನಷ್ಟು ಕೆಡುತ್ತದೆ. ಎಷ್ಟು ಹಣ ಹೋಯಿತು ಎಂಬ ನಿಜವಾದ ಮೊತ್ತವನ್ನು ಮನೆಯವರಲ್ಲೊಬ್ಬರಿಗೆ ಹೇಳಿಬಿಡಿ. ಮುಚ್ಚಿಟ್ಟಿದ್ದು ಕೊರಗನ್ನು ಎರಡಾಗಿಸುತ್ತದೆ.

ಕನಿಷ್ಠ 30 ದಿನ ಒಂದು ಬಾಜಿಯೂ ಬೇಡ. ಆಮೇಲೆ ಹೋಗುವುದಾದರೆ ಜಾಕ್‌ಪಾಟ್ ಬಿಟ್ಟು, ಹೋದರೂ ಹೋಗಲಿ ಅನ್ನುವಷ್ಟೇ ಹಣ ಜೇಬಿನಲ್ಲಿಟ್ಟುಕೊಂಡು, ಕಾರ್ಡ್ ಮನೆಯಲ್ಲಿಟ್ಟು ಹೋಗಿ. ಟೋಟ್ ಪ್ರತಿ ಪೂಲ್‌ನಿಂದ ತನ್ನ ಪಾಲು ಮುರಿದುಕೊಂಡೇ ಹಂಚುವುದರಿಂದ, ಹಳೆಯದನ್ನು ವಾಪಸ್ ತೆಗೆಯಲು ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಹೊರಡುವಾಗ ಮನಸ್ಸಿನಲ್ಲಿ ‘ಅದನ್ನು ವಾಪಸ್ ತೆಗೀಬೇಕು’ ಎಂಬ ಮಾತಿದ್ದರೆ ಅವತ್ತು ಹೋಗಬೇಡಿ. ಮೊತ್ತ ಏರುತ್ತಲೇ ಇದ್ದರೆ, ಸಾಲ ಮಾಡಿದ್ದರೆ, ಸುಳ್ಳು ಹೇಳುತ್ತಿದ್ದರೆ, ನಿಲ್ಲಿಸಲು ನೋಡಿ ಆಗದಿದ್ದರೆ ಇದು ಒಂದು ಟಿಕೆಟ್‌ನ ಕೊರಗಲ್ಲ. ಮನೋವೈದ್ಯರು ಇದಕ್ಕೆ ಚಿಕಿತ್ಸೆ ಕೊಡುತ್ತಾರೆ, ಹೋಗಿ ತೋರಿಸಿ. ಸಾಯುವ ಯೋಚನೆ ಒಂದು ಸಲ ಬಂದಿದ್ದರೂ ಒಬ್ಬರೇ ಇರಬೇಡಿ, ಹತ್ತಿರದವರನ್ನು ಕರೆದುಕೊಂಡು ಈಗಲೇ ಆಸ್ಪತ್ರೆಗೆ ಹೊರಡಿ.