ಗೀರು ಹಾಕಿದ ತಟ್ಟೆ

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅತ್ತೆ, ಸೊಸೆ ಇಬ್ಬರೂ ನಾನು ಆಪ್ತಸಮಾಲೋಚಕಿಯಾಗಿರುವ ಐಸಿಟಿಸಿಗೆ, ಅಂದರೆ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ, ಬಂದಿದ್ದರು. ಸೊಸೆಗೆ ಐದನೇ ತಿಂಗಳು. ತಾಯಿ ಕಾರ್ಡ್ ಮಾಡಿಸುವಾಗಿನ ರಕ್ತಪರೀಕ್ಷೆಯಲ್ಲಿ ಎಚ್‌ಐವಿ ಪಾಸಿಟಿವ್ ಬಂತು, ಆಮೇಲೆ ಗಂಡನಿಗೂ. ಅತ್ತೆಗೆ ವಿಷಯ ಹೇಳಿದ್ದು ಗಂಡ ಹೆಂಡತಿಯೇ. ಅವರು ಒಪ್ಪದಿದ್ದರೆ ನಾನು ಬಾಯಿ ಬಿಡುವ ಹಾಗಿರಲಿಲ್ಲ, 2017ರ ಎಚ್‌ಐವಿ ಕಾನೂನು ಅದನ್ನೇ ಹೇಳುತ್ತದೆ.

ಮೊದಲು ಸೊಸೆ ಒಬ್ಬರೇ ಇದ್ದಾಗ ಅವರ ಜೊತೆ ಮಾತಾಡಿದೆ.

"ಮೇಡಂ, ಅತ್ತೆ ನನ್ನ ತಟ್ಟೆಗೆ ಮೊಳೆಯಲ್ಲಿ ಗೀರು ಹಾಕಿದ್ದಾರೆ. ಹಿತ್ತಲಲ್ಲೇ ತೊಳೀಬೇಕು. ಮಾತ್ರೆ ನೋಡಿದ್ರೂ ಮುಖ ಸಿಂಡರಿಸ್ತಾರೆ. ಅದಕ್ಕೆ ಎಲ್ಲರೂ ಮಲಗಿದ ಮೇಲೆ ನುಂಗ್ತೀನಿ. ಎಷ್ಟೋ ದಿನ ಅಷ್ಟರಲ್ಲಿ ನಿದ್ದೆ ಬಂದುಬಿಡುತ್ತೆ."

ನನ್ನ ಎದೆ ಧಸಕ್ಕೆಂದಿತು. ತಟ್ಟೆಯಿಂದ ಯಾರಿಗೂ ಏನೂ ಆಗುವುದಿಲ್ಲ. ಮಾತ್ರೆ ತಪ್ಪಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ.

ಅತ್ತೆಯನ್ನು ಒಳಗೆ ಕರೆದೆ. "ಅಮ್ಮ, ಇದು ಹರಡೋದು ಕಾಂಡೋಮ್ ಇಲ್ಲದೆ ಕೂಡಿದರೆ, ಸೋಂಕಿರುವ ರಕ್ತ ಏರಿಸಿದರೆ, ಒಬ್ಬರಿಗೆ ಚುಚ್ಚಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ, ಇಲ್ಲಾ ತಾಯಿಯಿಂದ ಮಗುವಿಗೆ. ಎಂಜಲಿಂದ, ಬೆವರಿಂದ, ಬಚ್ಚಲಿಂದ ಬರಲ್ಲ."

"ಸೊಳ್ಳೆ ಅವಳಿಗೆ ಕಚ್ಚಿ ನನಗೆ ಕಚ್ಚಿದ್ರೆ?"

ಒಳ್ಳೇ ಪ್ರಶ್ನೆ. ತುಂಬಾ ಜನ ಕೇಳುತ್ತಾರೆ. ಸೊಳ್ಳೆ ಹೀರಿದ ರಕ್ತವನ್ನು ಇನ್ನೊಬ್ಬರಿಗೆ ಚುಚ್ಚುವುದಿಲ್ಲ, ಬಿಡುವುದು ತನ್ನ ಜೊಲ್ಲನ್ನು ಮಾತ್ರ. ಈ ವೈರಸ್ ಅದರ ಮೈಯಲ್ಲಿ ಬೆಳೆಯುವುದೂ ಇಲ್ಲ.

ಆಮೇಲೆ ಮೊಮ್ಮಗುವಿನ ಮಾತು ಬಂತು, ಅವರ ಧ್ವನಿ ಮೆತ್ತಗಾಯಿತು. ಚಿಕಿತ್ಸೆಯೇ ಇಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲಬಹುದು. ಸರಿಯಾಗಿ ಚಿಕಿತ್ಸೆ ತಗೊಂಡರೆ ಅದು 5ಕ್ಕಿಂತ ಕಡಿಮೆ ಆಗುತ್ತದೆ. ಸೊಸೆ ದಿನಾ ಒಂದೇ ಹೊತ್ತಿಗೆ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ) ಮಾತ್ರೆ ನುಂಗಬೇಕು. ಹೆರಿಗೆಗೆ ಮುಂಚೆ ವೈರಲ್ ಲೋಡ್, ಅಂದರೆ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು, ನೋಡಿಸಬೇಕು. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು, ಹುಟ್ಟಿದ ಕೂಡಲೇ ಮಗುವಿಗೂ ಔಷಧ ಹಾಕಬೇಕು. ಆರು ವಾರಕ್ಕೆ ಮಗುವಿನ ಮೊದಲ ಪರೀಕ್ಷೆ, ಆಮೇಲೂ ಪರೀಕ್ಷೆಗಳಿರುತ್ತವೆ. ಸೋಂಕಿಲ್ಲ ಎಂದು ಖಚಿತವಾಗುವುದು 18 ತಿಂಗಳು ತುಂಬಿದ ಮೇಲಷ್ಟೇ. ಮೊದಲ ಆರು ತಿಂಗಳು ಬರೀ ಎದೆಹಾಲು. "ಜೇನು ನೆಕ್ಕಿಸೋದು, ಬಜೆ ತೇಯ್ದು ಹಾಕೋದು ಏನೂ ಬೇಡಮ್ಮ" ಅಂದೆ. ಅದು ಅವರಿಗೆ ಅಷ್ಟು ಹಿಡಿಸಲಿಲ್ಲ.

ಗಂಡ ಹೆಂಡತಿ ಇಬ್ಬರಿಗೂ ಸೋಂಕಿದ್ದರೂ ಕಾಂಡೋಮ್ ಬಿಡಬೇಡಿ ಎಂದು ಬೇರೆಯಾಗಿ ಹೇಳಿದೆ. ಅತ್ತೆಗೆ ಒಂದು ಕೆಲಸ ಒಪ್ಪಿಸಿದೆ: ರಾತ್ರಿ ಒಂಬತ್ತಕ್ಕೆ ಮಾತ್ರೆ, ನೀರು ಅವರೇ ಕೊಡಬೇಕು.

ಮುಂದಿನ ತಿಂಗಳು ಡಬ್ಬಿಯ ಮಾತ್ರೆ ಎಣಿಸಿದೆ. ಒಂದೂ ತಪ್ಪಿರಲಿಲ್ಲ. "ಅತ್ತೆ ಒಂಬತ್ತಾಗೋಕ್ಕೆ ಮುಂಚೇನೇ ಕೂಗ್ತಾರೆ" ಎಂದು ಸೊಸೆ ನಕ್ಕರು. ತಟ್ಟೆ ಮಾತ್ರ ಇನ್ನೂ ಹಿತ್ತಲಲ್ಲೇ ಇದೆಯಂತೆ. ಮುಂದಿನ ಸಲ ಅತ್ತೆಯನ್ನೂ ಕರೆತರಲು ಹೇಳಿದ್ದೇನೆ.